ಹಕ್ಕಿಯೋ ಅಕ್ಕಿಯೋ, ಫೋನಿಗೆ ಹೇಗೆ ಗೊತ್ತು?

ಬ್ಯಾಂಕಿನ ಕೌಂಟರಿನಲ್ಲಿ ಕೂತು 'ಸಹಿ ತಾಳೆಯಾಗ್ತಾ ಇಲ್ಲ ಯಜಮಾನ್ರೇ, ಇನ್ನೊಂದ್ಸಲ ಹಾಕಿ' ಎಂದು ಎಷ್ಟು ಮುದುಕರಿಗೆ ಚೆಕ್ಕು ವಾಪಸು ಕೊಟ್ಟಿದ್ದೇನೋ ಲೆಕ್ಕವಿಲ್ಲ. ಎರಡು ವರ್ಷದ ಹಿಂದೆ ಅದೇ ಮಾತನ್ನು ಕೌಂಟರಿನ ಈಚೆ ನಿಂತು ನಾನು ಕೇಳಬೇಕಾಯಿತು. ಕೈ ನಡುಗುತ್ತದೆ. ಕಾಫಿ ಲೋಟ ಎತ್ತಿದರೆ ಅರ್ಧ ಕಾಫಿ ಪಂಚೆಗೆ. 'ರ' ಬರೆಯಲು ಹೋದರೆ ಪೆನ್ನು ಒಳಗೊಂದು ಚುಕ್ಕೆ ಕುಟ್ಟಿ 'ಠ' ಮಾಡಿಬಿಡುತ್ತದೆ. ಫೋನಿನ ಸಣ್ಣ ಸಣ್ಣ ಅಕ್ಷರಗಳನ್ನು ಒತ್ತುವುದಂತೂ ದೂರದ ಮಾತು.

ಆರನೇ ಕ್ಲಾಸಿನ ಮೊಮ್ಮಗಳು ಒಂದು ದಿನ ಫೋನು ಕಿತ್ತುಕೊಂಡು ಕೀಬೋರ್ಡಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದಳು. ಮೂಲೆಯಲ್ಲಿದ್ದ ಮೈಕಿನ ಚಿತ್ರ ತೋರಿಸಿ, "ತಾತ, ಬರೀಬೇಡಿ. ಇದನ್ನ ಒತ್ತಿ ಮಾತಾಡಿ" ಎಂದಳು. ಕೋಲಾರದ ತಮ್ಮನಿಗೆ ಪತ್ರ ಶುರು ಮಾಡಿದೆ. 'ನಾವು ಅಲಸೂರಿನವರು' ಎಂದೆ. 'ನಾವು ಆಲಸಿಗಳು' ಎಂದು ಬಂತು! ಮನೆಯವರೆಲ್ಲ ನಕ್ಕರು. ತಪ್ಪು ಫೋನಿನದಲ್ಲ, ಸಡಿಲವಾದ ನನ್ನ ಹಲ್ಲು ಸೆಟ್ಟಿನದು. ಜೊತೆಗೆ ಹಲಸೂರನ್ನು 'ಅಲಸೂರು' ಎನ್ನುವ ನಮ್ಮ ಊರಿನ ನಾಲಿಗೆಯದು.

ಮಕ್ಕಳೇ, ಫೋನು ನಮ್ಮ ಮಾತನ್ನು ಕೇಳುವ ರೀತಿ ಸ್ವಾರಸ್ಯವಾಗಿದೆ. ಮೊದಲು ಅದು ಧ್ವನಿಯನ್ನು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಣ್ಣ ಚೂರುಗಳಾಗಿ ಕತ್ತರಿಸುತ್ತದೆ, ಬೀನ್ಸ್ ಹೆಚ್ಚಿದ ಹಾಗೆ. ಒಂದೊಂದು ಚೂರಿನಲ್ಲೂ ಕಂಪನ ಎಷ್ಟು ಎಂದು ಅಳೆದು, ಇದು 'ಕ'ಕಾರವೋ 'ಗ'ಕಾರವೋ ಎಂದು ಊಹಿಸುತ್ತದೆ. ಆದರೆ ಕಿವಿಯೊಂದೇ ಸಾಲದು. 'ಅಕ್ಕಿ', 'ಹಕ್ಕಿ' ಎರಡನ್ನೂ ನಾನು ಒಂದೇ ತರಹ ಹೇಳುತ್ತೇನೆ. ಆಗ ಫೋನು ಅಕ್ಕಪಕ್ಕದ ಮಾತು ನೋಡುತ್ತದೆ. 'ತೊಳೆದು ಇಟ್ಟೆ' ಎಂದಿದ್ದರೆ ಅಕ್ಕಿ, 'ಹಾರಿಹೋಯಿತು' ಎಂದಿದ್ದರೆ ಹಕ್ಕಿ. ಲಕ್ಷಾಂತರ ವಾಕ್ಯಗಳನ್ನು ಓದಿ, ಯಾವ ಮಾತಿನ ಪಕ್ಕ ಯಾವ ಮಾತು ಬರುತ್ತದೆಂದು ಅದು ಮೊದಲೇ ಕಲಿತಿರುತ್ತದೆ. ಅದಕ್ಕೇ ಬಿಡಿ ಬಿಡಿ ಪದ ಹೇಳಿದರೆ ಎಡವುತ್ತದೆ. ಪೂರ್ತಿ ವಾಕ್ಯ ಹೇಳಿದರೆ ಸರಿಹೋಗುತ್ತದೆ. ಕನ್ನಡದಲ್ಲಿ ಅದಕ್ಕೆ ಇನ್ನೂ ಕಷ್ಟ. 'ಮನೆ', 'ಮನೆಯಲ್ಲಿ', 'ಮನೆಯವರಿಗಾಗಿಯೇ' ಎಂದು ಒಂದೇ ಪದಕ್ಕೆ ನಾವು ಎಷ್ಟು ಬಾಲ ಅಂಟಿಸುತ್ತೇವೆ ನೋಡಿ.

1952ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 'ಆಡ್ರಿ' ಎಂಬ ಯಂತ್ರ ಮಾಡಿದರು. ಆಳೆತ್ತರದ ಆ ಯಂತ್ರಕ್ಕೆ ಬರುತ್ತಿದ್ದುದು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ ಮಾತ್ರ. ನಿಲ್ಲಿಸದೆ ಸರಾಗವಾಗಿ ಮಾತಾಡಿದರೂ ಬರೆದುಕೊಳ್ಳುವ 'ಡ್ರ್ಯಾಗನ್' ಎಂಬ ಇಂಗ್ಲಿಷ್ ಸಾಫ್ಟ್‌ವೇರ್ ಬಂದದ್ದು 1997ರಲ್ಲಿ. ಗೂಗಲ್ ತನ್ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿಸಿದ್ದು 2017ರಲ್ಲಿ.

ನನ್ನಂಥವರಿಗೆ ಒಂದು ಮಾತು. ಫ್ಯಾನು ಆರಿಸಿ, ಟಿವಿ ನಿಲ್ಲಿಸಿ ಮಾತಾಡಿ. ಕೂಗಬೇಡಿ, ಅದಕ್ಕೆ ಕಿವುಡಿಲ್ಲ. ದುಡ್ಡಿನ ಅಂಕಿಯನ್ನು ಎರಡು ಸಲ ಓದಿ ನೋಡಿ. ಪಿನ್ನು, ಒಟಿಪಿ ಮಾತ್ರ ಯಾವ ಕಾರಣಕ್ಕೂ ಬಾಯಲ್ಲಿ ಹೇಳಬೇಡಿ. ಹಳೇ ಗುಮಾಸ್ತನ ಚಪಲ, ಹೇಳದೆ ಇರಲಾರೆ.

ಕೆಳಗಿನ ಮನೆಯಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬನಿದ್ದಾನೆ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಕೈಕಾಲು ಹೇಳಿದ ಮಾತು ಕೇಳುವುದಿಲ್ಲ, ಬುದ್ಧಿ ಚೂರಿ. ಕ್ರಿಕೆಟ್ ಸ್ಕೋರು ನನಗಿಂತ ಚೆನ್ನಾಗಿ ನೆನಪಿಟ್ಟಿರುತ್ತಾನೆ. ಹೊಸ ವಿದ್ಯೆ ಕಲಿತ ಜಂಬದಲ್ಲಿ ಫೋನನ್ನು ಅವನ ಬಾಯ ಹತ್ತಿರ ಹಿಡಿದು "ಹೇಳಪ್ಪ" ಎಂದೆ. ಒಂದು ವಾಕ್ಯ ಹೇಳಿದ. ಅರ್ಥವಿಲ್ಲದ ನಾಲ್ಕು ಅಕ್ಷರ ಮೂಡಿತು. ಮತ್ತೆ ಹೇಳಿದ. ಪರದೆ ಖಾಲಿ. ಮೊದಲು ನಕ್ಕ, ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡ. ನಿಧಾನವಾಗಿಯಾದರೂ ಬರೆಯಬಲ್ಲ ನನಗೆ ಈ ಯಂತ್ರ ಒದಗಿತು. ಬರೆಯಲೇ ಆಗದ ಅವನಿಗೆ ಒದಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾರಣ ಆಮೇಲೆ ತಿಳಿದುಕೊಂಡೆ. ಈ ಕಾಯಿಲೆಯಲ್ಲಿ ನಾಲಿಗೆ, ತುಟಿ, ಉಸಿರಿನ ಸ್ನಾಯುಗಳೂ ಬಿಗಿಯುತ್ತವೆ, ಮಾತು ಎಳೆಯುತ್ತದೆ. ಯಂತ್ರ ಕಲಿತದ್ದು ಸರಾಗ ಮಾತಿನವರಿಂದ. ಯಾರ ದನಿ ಕೇಳಿ ಬೆಳೆದಿಲ್ಲವೋ ಅವರ ಮಾತು ಅದಕ್ಕೆ ತಿಳಿಯದು. ಇಂಥವರ ದನಿಗಳನ್ನೇ ಕೂಡಿಸಿ ಯಂತ್ರಕ್ಕೆ ಕಲಿಸುವ 'ಯುಫೋನಿಯಾ' ಎಂಬ ಕೆಲಸವನ್ನು ಗೂಗಲ್ 2019ರಲ್ಲಿ ಪ್ರಕಟಿಸಿತು, ಅದೂ ಇಂಗ್ಲಿಷಿನಿಂದ ಶುರುವಾದದ್ದು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರ 'ವಾಣಿ' ಯೋಜನೆ ದೇಶದ ಜಿಲ್ಲೆ ಜಿಲ್ಲೆಗಳ ಮಾತು ಸಂಗ್ರಹಿಸುತ್ತಿದೆ. ಜನರಿಗೆ ಚಿತ್ರ ತೋರಿಸಿ, ಇದರಲ್ಲಿ ಏನಿದೆ ಹೇಳಿ ಎಂದು ಕೇಳಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ.

ಇಂಥ ಮಕ್ಕಳ ಕೆಲಸಕ್ಕೆ ನಮ್ಮ ಈ ಭಾಗ ಹೊಸದಲ್ಲ. ಲಿಂಗರಾಜಪುರದ ಎಪಿಡಿ ಸಂಸ್ಥೆ 1959ರದು; ಕಟ್ಟಿದವರಲ್ಲಿ ಒಬ್ಬರಾದ ಎನ್. ಎಸ್. ಹೇಮಾ ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದವರು. ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ 1982ರಿಂದ ಇದೆ.

ದಾರಿ ಹುಡುಕಿದ್ದು ಹುಡುಗನ ಅಜ್ಜಿ. ಮಾಲೂರು ಕಡೆಯವರು, ಓದಿದ್ದು ಮೂರನೇ ಕ್ಲಾಸು. ಅವನ ಒಂದೊಂದು ಮಾತೂ ಅವರಿಗೆ ಅರ್ಥವಾಗುತ್ತದೆ. ಅವನು ಹೇಳುತ್ತಾನೆ, ಅಜ್ಜಿ ಅದನ್ನೇ ಫೋನಿಗೆ ಹೇಳುತ್ತಾರೆ, ಪರದೆಯ ಮೇಲೆ ಬಂದದ್ದನ್ನು ಅವನು ಓದಿ 'ಹ್ಞೂಂ' ಎನ್ನುತ್ತಾನೆ, ಇಲ್ಲವೇ ತಲೆ ಅಲ್ಲಾಡಿಸುತ್ತಾನೆ.

ಮೊನ್ನೆ ಹೀಗೆ ಒಂದು ಅರ್ಜಿ ತಯಾರಾಯಿತು. ಹಲಸೂರು ಮೆಟ್ರೋ ನಿಲ್ದಾಣದಲ್ಲಿ ಲಿಫ್ಟ್ ಇದೆ, ಅಲ್ಲಿಗೆ ಹೋಗುವ ಫುಟ್‌ಪಾತಿನ ತುಂಬ ಬೈಕುಗಳು, ನನ್ನ ಗಾಲಿಕುರ್ಚಿ ರಸ್ತೆಗಿಳಿಯಬೇಕು, ಬೈಕು ತೆಗೆಸಿ ಎಂದು. ಅಜ್ಜಿ ಮೆತ್ತಗೆ 'ದಯವಿಟ್ಟು' ಸೇರಿಸಿದರು. ಹುಡುಗ ತಲೆ ಅಲ್ಲಾಡಿಸಿದ. "ದೊಡ್ಡೋರಿಗೆ ಹಂಗೆ ಬರೀಬಾರ್ದು ಕಣೋ" ಎಂದರು. ಮತ್ತೆ ಅಲ್ಲಾಡಿಸಿದ. ಆ ಪದ ಅಳಿಸುವವರೆಗೂ ಬಿಡಲಿಲ್ಲ.

ಪ್ರಿಂಟ್ ತೆಗೆಸಿ ತಂದೆವು. ಕೆಳಗೆ ಅವನ ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲಿ ಸಾಕ್ಷಿಯಾಗಿ ನನ್ನ ನಡುಗುವ ಸಹಿ. ಅದು ಯಾವುದಕ್ಕೂ ತಾಳೆಯಾಗುವುದಿಲ್ಲ. ಉತ್ತರ ಇನ್ನೂ ಬಂದಿಲ್ಲ. ಎರಡನೇ ಅರ್ಜಿಯನ್ನು ಹುಡುಗ ಆಗಲೇ ಹೇಳಲು ಶುರು ಮಾಡಿದ್ದಾನೆ.