ದಾದಾನ ಚಿಡಿಯಾ ರೋಜಾ

ಮಕ್ಕಳೇ, ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಸೂರ್ಯನ ವರ್ಷಕ್ಕೆ 365 ದಿನ. ಚಂದ್ರನ ಹನ್ನೆರಡು ತಿಂಗಳಿಗೆ 354 ದಿನ. ವ್ಯತ್ಯಾಸ ಎಷ್ಟು? ಹನ್ನೊಂದು. ಯುಗಾದಿ, ದೀಪಾವಳಿಯ ಪಂಚಾಂಗದಲ್ಲಿ ನಡುನಡುವೆ ಅಧಿಕ ಮಾಸ ಸೇರಿಸಿ ಈ ಕೊರತೆ ತುಂಬುತ್ತಾರೆ. ನಮ್ಮ ಹಿಜರಿ ಪಂಚಾಂಗದಲ್ಲಿ ಅಧಿಕ ಮಾಸವಿಲ್ಲ. ಆದ್ದರಿಂದ ರಂಜಾನ್ ತಿಂಗಳು ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತದೆ. ಹಾಗೆ ಬರುತ್ತ ಬರುತ್ತ ಬೇಸಿಗೆ, ಚಳಿ, ಮಳೆ ಎಲ್ಲವನ್ನೂ ಸುತ್ತಿ ಸುಮಾರು 33 ವರ್ಷಕ್ಕೆ ಹೊರಟಲ್ಲಿಗೇ ತಿರುಗಿ ಬರುತ್ತದೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಜರ್ ಬರೆದು ನಿವೃತ್ತನಾದ ನನಗೆ ಈ ಲೆಕ್ಕ ಬಹಳ ಇಷ್ಟ. ಮಾರ್ಚ್ ತಿಂಗಳಲ್ಲಿ ಶುರುವಾದ ರಂಜಾನನ್ನು ನಾನು 1959ರಲ್ಲಿ ಕಂಡಾಗ ನನಗೆ ಒಂಬತ್ತು ವರ್ಷ. 1992ರಲ್ಲಿ ಕಂಡಾಗ ನಲವತ್ತೆರಡು. ಆಗ ಬ್ಯಾಂಕಿನಲ್ಲಿ ವರ್ಷದ ಕ್ಲೋಸಿಂಗ್ ಗಡಿಬಿಡಿ. ಮಾರ್ಚ್ 31ರ ಸಂಜೆ ತಲೆ ಎತ್ತದೆ ಕೂತಿದ್ದಾಗ ಪಕ್ಕದ ಮೇಜಿನ ಗೆಳೆಯರು ಒಂದು ಬಾಳೆಹಣ್ಣು, ಒಂದು ಲೋಟ ನೀರು ನನ್ನ ಲೆಜರಿನ ಪಕ್ಕ ಇಟ್ಟರು. “ಮೊದಲ ರೋಜಾ ಬಿಡ್ರಿ, ಟೋಟಲ್ ಎಲ್ಲಿ ಓಡಿ ಹೋಗತೈತಿ?” ಅಂದರು. ಮೂರನೆಯ ಸುತ್ತು ಕಳೆದ ವರ್ಷ, 2025ರದು. ಆಗ ನನಗೆ ಎಪ್ಪತ್ತೈದು, ನನ್ನ ಮೊಮ್ಮಗಳಿಗೆ ಒಂಬತ್ತು. ಈಗ ಹೇಳಹೊರಟಿದ್ದು ಅದೇ ತಿಂಗಳ ಕಥೆ.

ಮಾರ್ಚ್ 1, ಶನಿವಾರ ಸಂಜೆ ನಾವಿಬ್ಬರೂ ಕೆಲಗೇರಿ ಕೆರೆಯ ದಂಡೆಗೆ ಹೋಗಿ ಪಶ್ಚಿಮಕ್ಕೆ ಮುಖ ಮಾಡಿ ನಿಂತೆವು. ಉಗುರಿನಂಥ ಚಂದ್ರ, ಅದರ ಹತ್ತಿರವೇ ಹೊಳೆಯುವ ಶುಕ್ರ. ಮೊದಲು ಕಂಡದ್ದು ಅವಳಿಗೇ. “ದಾದಾ, ಈ ಸಲ ನಾನು ಎಲ್ಲಾ ರೋಜಾ ಮಾಡಾಕಿ!” ಎಂದಳು. ನಮ್ಮಲ್ಲಿ ಅಪ್ಪನ ಅಪ್ಪನಿಗೆ ದಾದಾ ಅನ್ನುತ್ತಾರೆ. ಮನೆಯಲ್ಲಿ ನಾವಾಡುವುದು ದಖ್ಖನಿ ಉರ್ದು, ನಿಮಗಾಗಿ ಇಲ್ಲಿ ಧಾರವಾಡದ ಕನ್ನಡದಲ್ಲಿ ಬರೆದಿದ್ದೇನೆ.

ರೋಜಾ ಎಂದರೆ ನಸುಕಿನಿಂದ ಸೂರ್ಯ ಮುಳುಗುವವರೆಗೆ ಅನ್ನ, ನೀರು ಏನೂ ಇಲ್ಲ. ಮಾರ್ಚಿನಲ್ಲಿ ನಮ್ಮೂರಲ್ಲಿ ಅದು ಸುಮಾರು 13 ತಾಸು. ಪ್ರಾಯಕ್ಕೆ ಬರುವವರೆಗೆ ಮಕ್ಕಳಿಗೆ ಇದು ಕಡ್ಡಾಯವಲ್ಲ. ಆದರೆ ದೊಡ್ಡವರನ್ನು ನೋಡಿ ಅವರಿಗೂ ಆಸೆ. ಅದಕ್ಕೇ ಅವರನ್ನು ಮೆಲ್ಲಗೆ ತಯಾರು ಮಾಡುತ್ತೇವೆ. ಎರಡು ವಾರ ಮೊದಲೇ ರಾತ್ರಿ ಬೇಗ ಮಲಗುವ ರೂಢಿ. ನಸುಕಿನ ಸಹರಿ ಊಟಕ್ಕೆ ರೊಟ್ಟಿ, ಮೊಸರು, ಬಾಳೆಹಣ್ಣು, ಉಪ್ಪು-ಖಾರ ಕಡಿಮೆ. ಮೊದಮೊದಲು ಮಧ್ಯಾಹ್ನದ ನಮಾಜಿನವರೆಗೆ ಮಾತ್ರ ಉಪವಾಸ. ಅದಕ್ಕೆ ಚಿಡಿಯಾ ರೋಜಾ, ಅಂದರೆ ಗುಬ್ಬಚ್ಚಿ ಉಪವಾಸ, ಎಂದು ಹೆಸರು. ತಲೆ ಸುತ್ತುತ್ತದೆ ಎಂದರೆ ಆ ಕ್ಷಣವೇ ಊಟ, ಒಂದು ಪ್ರಶ್ನೆಯೂ ಇಲ್ಲ. ‘ನಿನ್ನ ತಮ್ಮ ಮಾಡಿದ, ನೀನು ಮಾಡಲಿಲ್ಲ’ ಎಂಬ ಮಾತಂತೂ ಮನೆಯೊಳಗೆ ಬರಕೂಡದು. ಮೊಮ್ಮಗಳಿಗೆ ಶನಿವಾರ, ಭಾನುವಾರ ಮಾತ್ರ ಚಿಡಿಯಾ ರೋಜಾ ಎಂದು ಗೊತ್ತು ಮಾಡಿದೆವು.

ಇಷ್ಟೆಲ್ಲ ನಿಯಮ ಮಾಡಿದ ನಾನು ಒಂದು ಮಾತು ಮುಚ್ಚಿಟ್ಟಿದ್ದೆ. ಸಕ್ಕರೆ ಕಾಯಿಲೆ ಏರಿ ನನಗೆ ಇನ್ಸುಲಿನ್ ಶುರುವಾಗಿತ್ತು. “ಇನ್ನ ಮ್ಯಾಲೆ ಉಪವಾಸ ಬ್ಯಾಡ್ರಿ” ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು. ಇದು ಮಗ-ಸೊಸೆಗೆ ಮಾತ್ರ ಗೊತ್ತಿತ್ತು. ಮೊಮ್ಮಗಳ ಮುಂದೆ ಹೇಳಲು ನನಗೆ ನಾಚಿಕೆ. ಎಲ್ಲರೊಂದಿಗೆ ಸಹರಿಗೆ ಏಳುತ್ತಿದ್ದೆ. ಮಧ್ಯಾಹ್ನ ಅವಳು ಶಾಲೆಯಲ್ಲಿದ್ದಾಗ ಅಡಿಗೆಮನೆಯಲ್ಲಿ ಉಣ್ಣುತ್ತಿದ್ದೆ. ಸಂಜೆ ಇಫ್ತಾರಿಗೆ ಖರ್ಜೂರ ಹಿಡಿದು, “ಇವತ್ತು ಗಂಟಲು ಭಾಳ ಒಣಗಿತ್ತು” ಅನ್ನುತ್ತಿದ್ದೆ.

ಮಾರ್ಚ್ 8 ಶನಿವಾರ, ಬೆಳಗಿನ ಶಾಲೆ. ನಾನು ಮರೆತಿದ್ದೆ. ಅವಳು ಚಿಡಿಯಾ ರೋಜಾದಲ್ಲಿ, ಒಣಗಿದ ಮುಖ ಹೊತ್ತು ಮನೆಗೆ ಬಂದಾಗ ನನ್ನ ಕೈಯಲ್ಲಿ ರೊಟ್ಟಿ, ಪುಂಡಿಪಲ್ಯ. ಅವಳು ನೋಡಿದಳು. ಏನೂ ಅನ್ನದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು.

ನನಗೆ 1959 ನೆನಪಾಯಿತು. ಆಗ ಕೆಲಗೇರಿ ಇನ್ನೂ ಹಳ್ಳಿ. ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆ ಆದದ್ದು 1962ರಲ್ಲಿ. ಒಂದು ಮಧ್ಯಾಹ್ನ ಬಿಸಿಲು ತಡೆಯದೆ, ಹಿತ್ತಲಿನ ಕೊಡದಿಂದ ಬೊಗಸೆ ಬೊಗಸೆ ನೀರು ಕುಡಿದು, ಒಳಗೆ ಬಂದು ಸುಸ್ತಾದವನಂತೆ ಗೋಡೆಗೆ ಒರಗಿ ಕೂತಿದ್ದೆ. ಅಂಗಿಯ ಎದೆ ಒದ್ದೆಯಾದದ್ದು ನನಗೆ ಗೊತ್ತಿರಲಿಲ್ಲ. ಅಮ್ಮ ಬೈಯಲಿಲ್ಲ. “ನೀರು ಕುಡಿ ಮಗನ, ನೀನು ಸಣ್ಣಾವ. ಆದ್ರ ಬಾಯಿ ಒಣಗಿದಾವರಂಗ ಕೂಡಬ್ಯಾಡ” ಎಂದಳು. ಅರವತ್ತಾರು ವರ್ಷದ ಮೇಲೆ ನಾನು ಮತ್ತೆ ಹಾಗೇ ಕೂತಿದ್ದೆ.

ಕೈ ತೊಳೆದು ಹೊರಗೆ ಹೋಗಿ ಅವಳ ಪಕ್ಕ ಕೂತೆ. ಕಾಯಿಲೆ, ಇನ್ಸುಲಿನ್, ಡಾಕ್ಟರ್ ಮಾತು ಎಲ್ಲ ಹೇಳಿದೆ. ರೋಗಿಗಳಿಗೆ, ಪ್ರಯಾಣದಲ್ಲಿ ಇರುವವರಿಗೆ ಕುರಾನೇ ವಿನಾಯಿತಿ ಕೊಟ್ಟಿದೆ, ಅವರು ಮುಂದೆ ಬೇರೆ ದಿನ ಮಾಡಬಹುದು ಎಂದೆ. ಮುಂದೆಯೂ ಮಾಡಲಾಗದ ನನ್ನಂಥವರು ಒಂದೊಂದು ರೋಜಾಕ್ಕೆ ಬದಲಾಗಿ ಒಬ್ಬ ಬಡವರಿಗೆ ಊಟ ಕೊಡಬೇಕು, ಅದಕ್ಕೆ ಫಿದಿಯಾ ಅನ್ನುತ್ತಾರೆ ಎಂದೂ ತಿಳಿಸಿದೆ. ಕೊನೆಗೆ, “ಇಷ್ಟು ದಿನ ನಿನಗ ಸುಳ್ಳು ಹೇಳಿದೆ” ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: “ಹಂಗಾರ ನಿಮ್ಮದೂ ಚಿಡಿಯಾ ರೋಜಾನ ಏನು ದಾದಾ?”

ಆವತ್ತಿನಿಂದ ನಾವಿಬ್ಬರೂ ಪಾಲುದಾರರು. ತಗಡಿನ ಡಬ್ಬಿಯೊಂದನ್ನು ತಂದೆವು. ಒಬ್ಬರ ದಿನದ ಊಟಕ್ಕಾಗುವಷ್ಟು ಜೋಳ, ಬೇಳೆಯನ್ನು ದಿನವೂ ಅವಳೇ ಅಳೆದು ಹಾಕಿದಳು. ಹಿಂದಿನ ದಿನಗಳ ಬಾಕಿಯನ್ನೂ ಸೇರಿಸಿದಳು. ಲೆಕ್ಕಕ್ಕೆ ಒಂದು ನೋಟ್‌ಬುಕ್. ಕೊನೆಯ ರೋಜಾ ಮಾರ್ಚ್ 30, ಭಾನುವಾರ. ಆವತ್ತು ಅವಳು ಪೂರ್ತಿ ದಿನ ತಡೆದಳು. ಪಕ್ಕದ ಮನೆಯ ಅಜ್ಜಿ ಮಲ್ಲಿಗೆ ಹಾರ ತಂದು ಹಾಕಿದರು. ರಾತ್ರಿ ಡಬ್ಬಿಯ ಕಾಳನ್ನು ಕೊಡಬೇಕಾದವರ ಮನೆಗೆ ಸದ್ದಿಲ್ಲದೆ ಮುಟ್ಟಿಸಿ ಬಂದೆವು. ಅವಳು ಟೋಟಲ್ ಹಾಕಿದಳು: ‘ದಾದಾ: ಊಟ 29. ನಾನು: ಚಿಡಿಯಾ 8, ಪೂರ್ತಿ 1.’

ಮರುದಿನ ಈದ್. ಶೀರಖುರ್ಮಾ ಕುಡಿಯುತ್ತ ನಾನು 33 ವರ್ಷದ ಲೆಕ್ಕ ಹೇಳಿಕೊಟ್ಟೆ. 2058ರಲ್ಲಿ ರಂಜಾನ್ ಮತ್ತೆ ಫೆಬ್ರವರಿ ಕೊನೆಗೆ, ಹೆಚ್ಚುಕಡಿಮೆ ಇದೇ ಜಾಗಕ್ಕೆ ಬರುತ್ತದೆ. “ಆಗ ನಿನಗ ನಲವತ್ತೆರಡು” ಎಂದೆ.

“ನಿಮಗ?”

“ನೀನ ಲೆಕ್ಕ ಮಾಡು.”

ಎಪ್ಪತ್ತೈದಕ್ಕೆ ಮೂವತ್ತಮೂರು ಕೂಡಿಸಿ 108 ಎಂದು ಬರೆದಳು. “ಇದು ಆಂಬುಲೆನ್ಸ್ ನಂಬರ್ ದಾದಾ!” ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು ನಗುವುದನ್ನು ನಿಲ್ಲಿಸಿ, ಆ ಅಂಕಿಯನ್ನು ಇನ್ನೊಮ್ಮೆ ನೋಡಿ, ನನ್ನ ಹತ್ತಿರ ಸರಿದು ಕೂತಳು.

ಈ ವರ್ಷದ ನೋಟ್‌ಬುಕ್ಕಿಗೆ ಅವಳು ಆಗಲೇ ಗೆರೆ ಹಾಕಿ ಇಟ್ಟಿದ್ದಾಳೆ. ಮೇಲೆ ಇಬ್ಬರ ಹೆಸರೂ ಇದೆ.