ವಿಶ್ವಕೋಶ ಬರೆಯುವ ಹೊಸಬರಿಗೆ ಕಿವಿಮಾತು

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಸರ್ವರೂ ಕೂಡಿ ಅಂತರಜಾಲದಲ್ಲಿ ರಚಿಸುತ್ತಿರುವ ವಿಶ್ವಕೋಶ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಹಾಗೆಂದು ಸ್ವೇಚ್ಛೆಗೆ ಎಡೆಯಿಲ್ಲ.

ಮೊದಲನೆಯ ನಿಯಮ ಆಧಾರ. ದೇವನಹಳ್ಳಿ ತಾಲ್ಲೂಕಿನ ನಮ್ಮ ಚನ್ನರಾಯಪಟ್ಟಣ ಹೋಬಳಿ ಕೇಂದ್ರ. ಹಾಸನ ಜಿಲ್ಲೆಯದು ತಾಲ್ಲೂಕು ಕೇಂದ್ರ. ಆಕರವನ್ನು ನೋಡದೆ ಬರೆದವನು ಶ್ರವಣಬೆಳಗೊಳವನ್ನು ನಮ್ಮೂರ ಪಕ್ಕಕ್ಕೆ ತಂದಾನು! ಪ್ರಕಟಿತ ಆಕರವನ್ನು ಸೂಚಿಸಬೇಕು. ಅದರ ವಾಕ್ಯಗಳನ್ನೇ ನಕಲು ಮಾಡಬಾರದು.

ಎರಡನೆಯದು ನಿಷ್ಪಕ್ಷಪಾತ. ಮಠದ ಮಕ್ಕಳಾದ ನಮಗೆ ಇದೇ ಕಠಿಣ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ನಮಗೆ ನಡೆದಾಡುವ ದೇವರು. ವಿಶ್ವಕೋಶದಲ್ಲಿ ಅದನ್ನು ಭಕ್ತರ ಮಾತೆಂದೇ ಹೇಳಿ, 2007ರ ಕರ್ನಾಟಕ ರತ್ನ, 2015ರ ಪದ್ಮಭೂಷಣಗಳನ್ನು ಸಂಗತಿಯಾಗಿ ದಾಖಲಿಸಬೇಕು. ಇದರಿಂದ ಗುರುವಿನ ಹಿರಿಮೆ ಕುಂದದು. ಅವರನ್ನು ಕಾಣದವರೂ ನಂಬುವರು.

ಕೊನೆಯದು ವಿನಯ. ಹೊಸಬರು ಪ್ರಯೋಗಪುಟದಲ್ಲಿ ಕೈ ಪಳಗಿಸಿಕೊಳ್ಳಲಿ. ಬರೆದುದನ್ನು ಯಾರಾದರೂ ತೆಗೆದರೆ ಮುನಿಯದೆ ಚರ್ಚಾಪುಟದಲ್ಲಿ ಕಾರಣ ಕೇಳಲಿ. ಗ್ರಂಥಸಂಪಾದಕರು ಕಾಪಿಡುವ ಪಾಠಾಂತರಗಳಂತೆ ಹಿಂದಿನ ರೂಪಗಳೆಲ್ಲ ಪುಟದ ಇತಿಹಾಸದಲ್ಲಿ ಉಳಿದಿರುತ್ತವೆ. ಹಿರಿಯರೂ ಕಾರಣ ಹೇಳಿಯೇ ತಿದ್ದಲಿ. ಒರಟು ಮಾತಿಗೆ ನೊಂದು ಹೋದ ವಿದ್ಯಾರ್ಥಿ ಮರಳಿ ಬಾರನು. ಅವನೊಡನೆ ಅವನ ಊರಿನ ತಿಳಿವೂ ಹೋಗುತ್ತದೆ.