ಖಾಲಿ ಪಾತ್ರೆ ಹಿಡಿದು ಹೊರಟವರು

1953ರ ಮಾರ್ಚ್ 18ರಂದು ಬ್ರೆಜಿಲ್‌ನ ಸಾವೊ ಪೌಲೊ ನಗರದಲ್ಲಿ ಸಾವಿರಾರು ಕಾರ್ಮಿಕರು ಪ್ರಾಸಾ ದ ಸೆ ಚೌಕದಿಂದ ಗವರ್ನರ್ ಅರಮನೆಯತ್ತ ಹೊರಟರು. ಬೆಲೆ ಏರಿಕೆಯಿಂದ ಒಲೆ ಹೊತ್ತುವುದೇ ಕಷ್ಟವಾಗಿದ್ದ ಕಾಲ. ‘ಖಾಲಿ ಪಾತ್ರೆಗಳ ಮೆರವಣಿಗೆ’ ಎಂದೇ ಅದು ಹೆಸರಾಯಿತು. ವಾರ ಕಳೆದು, 26ರಂದು ಜವಳಿ ಗಿರಣಿಗಳು ನಿಂತವು.

ಅಲ್ಲಿನ ಕಾರ್ಮಿಕ ಸಂಘಗಳ ಕಥೆಯೇ ವಿಚಿತ್ರ. ಅವುಗಳ ಚೌಕಟ್ಟು ಹಾಕಿದ್ದು ಸರ್ಕಾರ. ಅಧ್ಯಕ್ಷ ಗೆಟುಲಿಯೊ ವರ್ಗಾಸ್ ತಂದ 1943ರ ಕಾರ್ಮಿಕ ಸಂಹಿತೆಯಂತೆ ಒಂದು ಊರಲ್ಲಿ ಒಂದು ಉದ್ಯಮಕ್ಕೆ ಒಂದೇ ಸಂಘ; ಅದಕ್ಕೂ ಸಚಿವಾಲಯದ ಮಾನ್ಯತೆ ಬೇಕು. ಸದಸ್ಯರಾಗಿರಲಿ, ಬಿಡಲಿ, ಎಲ್ಲರ ಸಂಬಳದಿಂದ ವರ್ಷಕ್ಕೆ ಒಂದು ದಿನದ ಕೂಲಿ ಸಂಘದ ತೆರಿಗೆಯಾಗಿ ಮುರಿದುಕೊಳ್ಳುತ್ತಿದ್ದರು. ಹಣ ತಾನಾಗಿ ಬರುವಾಗ ಪದಾಧಿಕಾರಿಗಳಿಗೆ ಸದಸ್ಯರ ಹಂಗೇಕೆ? ಗಿರಣಿಯಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಸಂಘದ ಕುರ್ಚಿಗಳಲ್ಲಿ ಮಾತ್ರ ಗಂಡಸರು. ಹೀಗಾಗಿ ನಿಜವಾದ ಕೆಲಸ ನಡೆದದ್ದು ಮಗ್ಗಗಳ ನಡುವೆ ಹುಟ್ಟಿದ ಕಾರ್ಖಾನೆ ಸಮಿತಿಗಳಲ್ಲಿ. ಮುಷ್ಕರಕ್ಕೆ ಬಲ ಬಂದದ್ದೂ ಅಲ್ಲಿಂದಲೇ.

ಗಿರಣಿಗಳಲ್ಲಿ ಕಾರ್ಯಕರ್ತರಿದ್ದ ಕಮ್ಯುನಿಸ್ಟ್ ಪಕ್ಷ 1947ರಲ್ಲೇ ನಿಷೇಧಕ್ಕೊಳಗಾಗಿತ್ತು. ಸಿಟ್ಟಿಗೆದ್ದ ಪಕ್ಷ 1950ರಲ್ಲಿ ಸರ್ಕಾರಿ ಮಾನ್ಯತೆಯ ಸಂಘಗಳಿಗೇ ಬೆನ್ನು ಹಾಕಿತು. ಕಾರ್ಮಿಕರೇನೂ ಹಿಂದೆ ಬರಲಿಲ್ಲ. ಎರಡೇ ವರ್ಷದಲ್ಲಿ ನಾಯಕರು ನಿಲುವು ಬದಲಿಸಿ ಅದೇ ಸಂಘಗಳಿಗೆ ಮರಳಿದರು. ಕಾರ್ಮಿಕರು ಆ ಸಂಘಗಳನ್ನು ಬಿಟ್ಟು ಬರಲಾರರೆಂಬುದು ಗಿರಣಿಯಲ್ಲಿದ್ದ ಅವರ ಕಾರ್ಯಕರ್ತರಿಗೆ ಮೊದಲೇ ಗೊತ್ತಿತ್ತೆನ್ನಬೇಕು.

1953ರ ಮುಷ್ಕರದಲ್ಲಿ ಜವಳಿಯವರ ಬೇಡಿಕೆ ಕೂಲಿಯಲ್ಲಿ ಶೇ 60ರಷ್ಟು ಏರಿಕೆ. ಲೋಹ ಕಾರ್ಮಿಕರು, ಬಡಗಿಗಳು, ಗಾಜಿನ ಕೆಲಸದವರು, ಮುದ್ರಣಾಲಯದವರು ಜೊತೆಗೂಡಿದರು. ಕುದುರೆ ಪೊಲೀಸರು ಲಾಠಿ ಬೀಸಿದರು. ಸುಮಾರು ಒಂದು ತಿಂಗಳು ಎಳೆದ ಈ ‘ಮೂರು ಲಕ್ಷ ಜನರ ಮುಷ್ಕರ’ ಶೇ 32ಕ್ಕೆ ರಾಜಿಯಾಯಿತು. ಕೇಳಿದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಆದರೆ ಉದ್ಯಮಕ್ಕೊಂದೇ ಸಂಘವೆಂದು ಬೇರ್ಪಡಿಸಿದ್ದ ಕಾನೂನಿನ ಕಣ್ಣೆದುರೇ, ಎಲ್ಲ ಸಂಘಗಳನ್ನು ಒಂದೆಡೆ ತಂದ ‘ಅಂತರ್-ಸಂಘ ಐಕ್ಯತಾ ಒಪ್ಪಂದ’ ಹುಟ್ಟಿತು. ಅದು ಕೂಲಿಗಿಂತ ದೊಡ್ಡ ಗಳಿಕೆ.

ಅದೇ ವರ್ಷ ವರ್ಗಾಸ್ ತಮ್ಮ ಶಿಷ್ಯ ಜೊವಾವ್ ಗುಲಾರ್ಟ್ ಅವರನ್ನು ಕಾರ್ಮಿಕ ಸಚಿವರನ್ನಾಗಿ ಮಾಡಿದರು. ಕನಿಷ್ಠ ವೇತನ ದುಪ್ಪಟ್ಟಾಗಬೇಕೆಂದ ಗುಲಾರ್ಟ್ ಸೇನಾಧಿಕಾರಿಗಳ ಕೋಪಕ್ಕೆ ಕುರ್ಚಿ ಬಿಟ್ಟರು. ಆದರೂ 1954ರ ಮೇ 1ರಂದು ವರ್ಗಾಸ್ ಆ ಏರಿಕೆಯನ್ನೇ ಘೋಷಿಸಿದರು. ಆಗಸ್ಟ್‌ನಲ್ಲಿ ವರ್ಗಾಸ್ ಆತ್ಮಹತ್ಯೆ ಮಾಡಿಕೊಂಡ ಬಳಿಕ, ಅವರನ್ನು ಹಳಿಯುತ್ತಿದ್ದ ಕಮ್ಯುನಿಸ್ಟರು ಅವರದೇ ಲೇಬರ್ ಪಕ್ಷದೊಂದಿಗೆ ಕೈಜೋಡಿಸಿದರು.

ಈ ಮೈತ್ರಿಯ ಕಾಲದಲ್ಲೇ, 1962ರಲ್ಲಿ, ಹದಿಮೂರನೆಯ ತಿಂಗಳ ಸಂಬಳ, ಅಂದರೆ ವರ್ಷಕ್ಕೆ ಒಂದು ತಿಂಗಳ ಹೆಚ್ಚುವರಿ ಸಂಬಳ, ಕಾನೂನಾಯಿತು. ಆಗ ಗುಲಾರ್ಟ್ ಅಧ್ಯಕ್ಷರು. 1964ರಲ್ಲಿ ಸೈನ್ಯ ಅವರನ್ನು ಇಳಿಸಿತು. ಸಂಘಗಳ ಪದಾಧಿಕಾರಿಗಳನ್ನು ಕಿತ್ತೊಗೆಯಲು ಹೊಸ ಕಾನೂನೇನೂ ಬೇಕಾಗಲಿಲ್ಲ, 1943ರದ್ದೇ ಸಾಕಾಯಿತು. ಹದಿಮೂರನೆಯ ಸಂಬಳಕ್ಕೆ ಮಾತ್ರ ಸೈನ್ಯ ಕೈ ಹಚ್ಚಲಿಲ್ಲ. ಅದರ ಕೊನೆಯ ಕಂತು ಈಗಲೂ ಡಿಸೆಂಬರ್ 20ರೊಳಗೆ ಕೈಸೇರಬೇಕು.